ಬ್ಯಾಟರಿ ಸೋರಿದ 386 ಬೋರ್ಡ್: ಸತ್ತ ಬೋರ್ಡಿನಿಂದ ಸಿ ಪ್ರಾಂಪ್ಟ್‌ವರೆಗೆ

ಹಳೆ 386 ಕಂಪ್ಯೂಟರಿನ ಮದರ್‌ಬೋರ್ಡ್ ರಿಪೇರಿ ಮುಕ್ಕಾಲು ಪಾಲು ಮುಗಿದಿದೆ. ಬೋರ್ಡ್ ಡಾಸ್‌ಗೆ (ಆ ಕಾಲದ ಆಪರೇಟಿಂಗ್ ಸಿಸ್ಟಂ) ಬೂಟ್ ಆಗುತ್ತಿದೆ, ಕೀಬೋರ್ಡ್ ಸರಿಯಾಗಿದೆ, ಗಡಿಯಾರ ನಿಲ್ಲುತ್ತಿಲ್ಲ. ಕ್ಯಾಶ್ (ಪ್ರೊಸೆಸರಿಗೆ ನೆರವಾಗುವ ಚಿಕ್ಕ, ವೇಗದ ಮೆಮೊರಿ) ಒಂದು ಇನ್ನೂ ಕೈಕೊಡುತ್ತಿದೆ. ಅದು ಸರಿಯಾಗಲಿ ಅಂತ ಕಾಯುತ್ತಾ ಕೂತರೆ ಇಲ್ಲಿವರೆಗೆ ಮಾಡಿದ್ದೆಲ್ಲಾ ಮರೆತುಹೋಗುತ್ತದೆ. ಅದಕ್ಕೆ ಈಗಲೇ ಬರೆದಿಡುತ್ತಿದ್ದೇನೆ.

ಬೋರ್ಡ್ ಬಗ್ಗೆ ಮೊದಲು. ಎಎಂಡಿ 386ಡಿಎಕ್ಸ್-40, ಪ್ರೊಸೆಸರ್ ಬೋರ್ಡಿಗೇ ಬೆಸೆದಿರುವಂಥದ್ದು. ಇಂಟೆಲ್ 386 ಅನ್ನು 1985ರಲ್ಲಿ ತಂದಿತು, 33 ಮೆಗಾಹರ್ಟ್ಸ್‌ಗೆ ನಿಲ್ಲಿಸಿತು. ಎಎಂಡಿ 1991ರಲ್ಲಿ 40 ಮೆಗಾಹರ್ಟ್ಸ್‌ನದ್ದು ಬಿಟ್ಟಿತು, ಮಧ್ಯಮ ದರ್ಜೆಯ ಮಷೀನ್‌ಗಳಲ್ಲಿ ಎಲ್ಲಿ ನೋಡಿದರೂ ಇದೇ ಇರುತ್ತಿತ್ತು. ಬೋರ್ಡ್ ಮೇಲಿನ ಆಸಿಲೇಟರ್ ಡಬ್ಬಿ ಮೇಲೆ 80.000 ಅಂತ ಬರೆದಿದ್ದರೆ ಗಾಬರಿ ಬೇಡ, 386ಗೆ ಎರಡು ಪಟ್ಟು ಕ್ಲಾಕ್ ಕೊಡಬೇಕು, ಒಳಗೆ ಅದು ಅರ್ಧ ಮಾಡಿಕೊಳ್ಳುತ್ತದೆ. ಮಿಕ್ಕಿದ್ದು ಅಂದರೆ ಎಎಂಐ ಬಯಾಸ್ (ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ), 30 ಪಿನ್ನಿನ ಸಿಮ್ (ಮೆಮೊರಿ ಪಟ್ಟಿ) ಸ್ಲಾಟ್ ಎಂಟು, 128 ಕೆಬಿ ಕ್ಯಾಶ್, ಮತ್ತೆ ಮೂಲೆಯಲ್ಲಿ ಗಡಿಯಾರ, ಸೆಟ್ಟಿಂಗ್ ಉಳಿಸುವ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಎಲ್ಲಾ ರಗಳೆಗೂ ಮೂಲ ಅದೇ.

ಬಳಸಿದ ಸಾಮಾನು: ಮಲ್ಟಿಮೀಟರ್, ಬಿಸಿ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, 60/40 ಸೀಸದ ಸೋಲ್ಡರ್, ಫ್ಲಕ್ಸ್, ಡಿಸೋಲ್ಡರ್ ಪಂಪ್, ಫೈಬರ್‌ಗ್ಲಾಸ್ ಪೆನ್ಸಿಲ್, ಬಿಳಿ ವಿನೆಗರ್, ಐಸೋಪ್ರೊಪೈಲ್ ಆಲ್ಕೋಹಾಲ್, 30 ಗೇಜಿನ ತೆಳು ತಂತಿ, ಐಸಾ ಸ್ಲಾಟಿಗೆ (ಬೋರ್ಡಿಗೆ ಬೇರೆ ಕಾರ್ಡ್ ಸೇರಿಸುವ ಜಾಗ) ಹಾಕುವ ಪೋಸ್ಟ್ ಕಾರ್ಡ್ (ಬೋರ್ಡ್ ಶುರುವಾಗುವಾಗ ಯಾವ ಹಂತದಲ್ಲಿದೆ ಅಂತ ಅಂಕಿಯಲ್ಲಿ ತೋರಿಸುವಂಥದ್ದು). ಇವುಗಳಲ್ಲಿ ಪೋಸ್ಟ್ ಕಾರ್ಡ್ ಮತ್ತು ಮೀಟರ್ ಇಲ್ಲದಿದ್ದರೆ ಕೆಲಸ ಶುರು ಮಾಡಲೇಬೇಡಿ. ಖರ್ಚಿನ ಮಾತು ಹೇಳುವುದಾದರೆ, ಬದಲಿಸಿದ ಭಾಗಗಳಿಗಿಂತ ಕ್ಲೀನ್ ಮಾಡುವ ಸಾಮಾನಿಗೇ ಜಾಸ್ತಿ ಹೋಯಿತು.

ಹಂತ 1: ಪವರ್ ಸಪ್ಲೈ

ಬೋರ್ಡನ್ನು ಮುಟ್ಟುವ ಮೊದಲು ಸಪ್ಲೈ ನೋಡಿದೆ. ಹಳೆ ಎಟಿ (ಆ ಕಾಲದ ಪಿಸಿ ಮಾದರಿ) ಸಪ್ಲೈಯನ್ನು ಸುಮ್ನೆ ಪ್ಲಗ್ ಹಾಕಿ ಆನ್ ಮಾಡಬೇಡಿ. ಒಳಗೆ ಮೇನ್ಸ್ ಬರುವ ಜಾಗದಲ್ಲಿ ಅರೆಪಾರದರ್ಶಕ ಹಳದಿ ಮೈಯಿನ ಕಾಗದದ ಫಿಲ್ಟರ್ ಕೆಪಾಸಿಟರ್ ಇದ್ದರೆ ಅದರ ಮೈ ನೋಡಿ. ನನ್ನದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ತುಂಬಾ ಇದ್ದವು. ಬಿರುಕಿನಿಂದ ತೇವ ಒಳಗೆ ಹೋಗುತ್ತದೆ, ಆಮೇಲೆ ಯಾವತ್ತೋ ಆನ್ ಮಾಡಿದಾಗ ಢಬ್ ಅಂದು ಕೋಣೆ ತುಂಬಾ ನಾರುವ ಹೊಗೆ. ಅದನ್ನು ತೆಗೆದು ಅದೇ ಅಳತೆಯ, ಅಂದರೆ 0.1 ಮೈಕ್ರೋಫ್ಯಾರಡ್, ಎಕ್ಸ್2 ದರ್ಜೆಯ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಿದೆ. ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಮೀಟರ್ ಹಿಡಿದು ವೋಲ್ಟೇಜ್ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿ.

ಆಮೇಲೆ ಲೋಡ್. ಇವು ಲೋಡ್ ಇಲ್ಲದೆ ಸರಿಯಾಗಿ ಶುರುವಾಗುವುದಿಲ್ಲ. 5 ವೋಲ್ಟ್ ಲೈನಿಗೆ 4.7 ಓಮ್, 10 ವಾಟ್‌ನ ರೆಸಿಸ್ಟರ್ ಕಟ್ಟಿದೆ. ಒಂದು ಆಂಪಿಯರ್ ಚಿಲ್ಲರೆ ಎಳೆಯುತ್ತದೆ, ಚೆನ್ನಾಗಿ ಕಾಯುತ್ತದೆ, ಮೇಜಿನ ಮೇಲೆ ಬರಿದೇ ಇಡಬೇಡಿ. ಅಳತೆ: 5.08, 11.9, ಮೈನಸ್ 5.1, ಮೈನಸ್ 12.3. ಪವರ್ ಗುಡ್ ತಂತಿ (ಸಪ್ಲೈ ಸರಿಯಾಗಿದೆ ಅಂತ ಬೋರ್ಡಿಗೆ ಹೇಳುವುದು), ಅಂದರೆ ಪಿ8 ಕನೆಕ್ಟರಿನ ಮೊದಲನೇ ಪಿನ್, ಒಂದು ಕ್ಷಣ ಬಿಟ್ಟು 5 ವೋಲ್ಟಿಗೆ ಏರಿತು. ಸಾಕು.

ಗೊತ್ತಿರುವವರಿಗೆ ಇದು ಹಳೇ ಮಾತು, ಆದರೂ ಬರೆಯುತ್ತೇನೆ: ಸಪ್ಲೈಯಿಂದ ಬೋರ್ಡಿಗೆ ಬರುವ ಎರಡು ಕನೆಕ್ಟರ್, ಪಿ8 ಮತ್ತು ಪಿ9 ಹಾಕುವಾಗ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೂ ಕನೆಕ್ಟರ್ ಒಳಗೆ ಕೂರುತ್ತದೆ, ಬೋರ್ಡ್ ಮಾತ್ರ ಸುಟ್ಟುಹೋಗುತ್ತದೆ. ಇದನ್ನು ಹೀಗೆ ವಿನ್ಯಾಸ ಮಾಡಿದವರ ಧೈರ್ಯ ಮೆಚ್ಚಬೇಕು.

ಹಂತ 2: ಬ್ಯಾಟರಿ ಕೀಳುವುದು, ಕಿಲುಬು ತೊಳೆಯುವುದು

ಬ್ಯಾಟರಿಯ ಎರಡೂ ತುದಿಯಲ್ಲಿ ಬಿಳಿ ಪುಡಿ, ಸುತ್ತ ನೀಲಿ ಹಸಿರು ಕಿಲುಬು. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಆಸಿಡ್ ಸೋರಿದೆ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ, ಅದರಿಂದ ಏನೂ ಆಗುವುದಿಲ್ಲ. ಕ್ಷಾರಕ್ಕೆ ಬೇಕಾಗಿರುವುದು ಹುಳಿ, ಅದಕ್ಕೇ ವಿನೆಗರ್.

ಬ್ಯಾಟರಿಯ ಕಾಲು ಬಿಚ್ಚುವುದೇ ಮೊದಲ ಜಗಳ. ಕ್ಷಾರ ತಿಂದ ಸೋಲ್ಡರ್ ಬೂದು ಬಣ್ಣಕ್ಕೆ ತಿರುಗಿ ಕರಗುವುದೇ ಇಲ್ಲ. ಗ್ರೌಂಡ್ ಕಾಲು ಬೇರೆ ದೊಡ್ಡ ತಾಮ್ರದ ಹಾಳೆಗೆ ಅಂಟಿರುತ್ತದೆ, ಬಿಸಿಯೆಲ್ಲಾ ಅಲ್ಲಿಗೇ ಹರಿಯುತ್ತದೆ. ಐರನ್ ಬಿಸಿ ಏರಿಸಿ ಎಳೆದರೆ ಪ್ಯಾಡೇ ಕಿತ್ತುಬರುತ್ತದೆ. ಹಾಗೆ ಮಾಡದೆ ಬ್ಯಾಟರಿಯ ಕಾಲುಗಳನ್ನು ಕಟ್ಟರ್‌ನಿಂದ ಕತ್ತರಿಸಿ ಡಬ್ಬಿಯನ್ನು ತೆಗೆದೆ, ಉಳಿದ ಮೋಟು ಕಾಲಿನ ಮೇಲಿನ ಬೂದು ಪದರವನ್ನು ಕೆರೆದೆ, ಫ್ಲಕ್ಸ್ ಹಚ್ಚಿ ಹೊಸ ಸೋಲ್ಡರ್ ಬೆರೆಸಿದೆ. ಹೊಸದು ಹಳೆಯದರ ಜೊತೆ ಸೇರಿದ ಮೇಲೆ ಕಾಲು ತಾನಾಗೇ ಸಡಿಲವಾಯಿತು.

ಹತ್ತಿ ಕಡ್ಡಿಯಲ್ಲಿ ವಿನೆಗರ್ ಒತ್ತಿದಾಗ ಸಣ್ಣಗೆ ನೊರೆ ಬಂತು. ನೊರೆ ನಿಲ್ಲುವವರೆಗೆ ಮತ್ತೆ ಮತ್ತೆ. ಆಮೇಲೆ ಡಿಸ್ಟಿಲ್ಡ್ ನೀರು, ಆಮೇಲೆ ಆಲ್ಕೋಹಾಲ್. ವಿನೆಗರನ್ನು ತೊಳೆಯದೆ ಬಿಟ್ಟರೆ ಅದೂ ತಾಮ್ರ ತಿನ್ನುತ್ತದೆ. ಪೂರ್ತಿ ಒಣಗಲು ಬಿಟ್ಟೆ, ಸ್ಲಾಟ್‌ಗಳ ಕೆಳಗೆ ನೀರು ನಿಲ್ಲುತ್ತದೆ, ಅವಸರ ಬೇಡ.

ತೊಳೆದ ಮೇಲೆ ಬೋರ್ಡ್ ಚೆನ್ನಾಗೇ ಕಾಣುತ್ತಿತ್ತು. ಮೋಸ ಇರುವುದು ಅಲ್ಲೇ. ದೀಪವನ್ನು ಬೋರ್ಡಿಗೆ ಓರೆಯಾಗಿ ಹಿಡಿದು ನೋಡಿದರೆ ಹಸಿರು ಲೇಪನದ ಕೆಳಗೆ ಕೆಲವು ಟ್ರ್ಯಾಕ್‌ಗಳು ತಾಮ್ರದ ಬಣ್ಣ ಬಿಟ್ಟು ಕಪ್ಪಾಗಿದ್ದವು, ಒಂದೆರಡು ಕಡೆ ಲೇಪನ ಸಣ್ಣ ಗುಳ್ಳೆಯಂತೆ ಉಬ್ಬಿತ್ತು. ಒಂದು ಗುಳ್ಳೆಗೆ ಸೂಜಿ ಮೊನೆ ತಾಗಿಸಿದೆ. ಲೇಪನ ಚಕ್ಕೆಯಾಗಿ ಎದ್ದುಬಂತು, ಕೆಳಗೆ ತಾಮ್ರ ಇರಬೇಕಾದ ಜಾಗದಲ್ಲಿ ಕರಿ ಹುಡಿ. ಉಫ್ ಅಂದರೆ ಹಾರಿಹೋಯಿತು. ಗೆರೆಯ ಗುರುತು ಇದೆ, ಗೆರೆ ಇಲ್ಲ.

ಹಂತ 3: ಮೊದಲ ಸಲ ಆನ್, ಸದ್ದೇ ಇಲ್ಲ

ಬೋರ್ಡ್, ಟ್ರೈಡೆಂಟ್ 8900 ವಿಜಿಎ ಕಾರ್ಡ್, ನಾಲ್ಕು ಸಿಮ್, ಸ್ಪೀಕರ್, ಪೋಸ್ಟ್ ಕಾರ್ಡ್. ಬೇರೇನೂ ಹಾಕಲಿಲ್ಲ. ಆನ್ ಮಾಡಿದರೆ ಪರದೆ ಕಪ್ಪು, ಬೀಪ್ ಇಲ್ಲ, ಪೋಸ್ಟ್ ಕಾರ್ಡಿನಲ್ಲಿ ಅಂಕಿ ಇಲ್ಲ. ಆದರೆ ಕಾರ್ಡಿನ ರೀಸೆಟ್ ದೀಪ ಉರಿಯುತ್ತಲೇ ಇತ್ತು. ಅದು ಒಮ್ಮೆ ಮಿಂಚಿ ಆರಬೇಕು. ಉರಿಯುತ್ತಲೇ ಇದೆ ಅಂದರೆ ಪ್ರೊಸೆಸರನ್ನು ಯಾರೋ ರೀಸೆಟ್‌ನಲ್ಲೇ ಹಿಡಿದಿಟ್ಟಿದ್ದಾರೆ, ಶುರುವಾಗಲು ಬಿಡುತ್ತಿಲ್ಲ.

ರೀಸೆಟ್ ಬಿಡಬೇಕಾದರೆ ಪವರ್ ಗುಡ್ ಬರಬೇಕು. ಪವರ್ ಕನೆಕ್ಟರಿನ ಮೊದಲ ಪಿನ್ನಿನಲ್ಲಿ 5 ವೋಲ್ಟ್ ಇದೆ. ಆ ಟ್ರ್ಯಾಕ್ ಹೋಗಿ ಸೇರುವ 74ಎಲ್‌ಎಸ್14 ಚಿಪ್ಪಿನ ಕಾಲಿನಲ್ಲಿ ಸೊನ್ನೆ. ಬ್ಯಾಟರಿ ಇದ್ದ ಜಾಗವನ್ನು ದಾಟಿಕೊಂಡೇ ಆ ಟ್ರ್ಯಾಕ್ ಹೋಗುತ್ತಿತ್ತು. ಈ ಕಾಲದ ಬೋರ್ಡ್‌ಗಳಲ್ಲಿ ಕೀಬೋರ್ಡ್ ಸಾಕೆಟ್, ಪವರ್ ಕನೆಕ್ಟರ್, ಬ್ಯಾಟರಿ ಮೂರೂ ಒಂದೇ ಮೂಲೆಯಲ್ಲಿ ಇರುವುದು ಜಾಸ್ತಿ, ಹಾಗಾಗಿ ಈ ಪವರ್ ಗುಡ್ ಟ್ರ್ಯಾಕ್ ಮೊದಲು ಬಲಿಯಾಗುತ್ತದೆ.

ತೆಳು ತಂತಿಯಲ್ಲಿ ಕನೆಕ್ಟರಿನ ಕಾಲಿನಿಂದ ನೇರ ಚಿಪ್ಪಿನ ಕಾಲಿಗೆ ಬೆಸೆದೆ. ಕಪ್ಪಾದ ಟ್ರ್ಯಾಕನ್ನೇ ಕೆರೆದು ಅದರ ಮೇಲೆ ಸೋಲ್ಡರ್ ಹರಿಸುವ ಪ್ರಯತ್ನ ಮೊದಲು ಮಾಡಿದ್ದೆ, ಸೋಲ್ಡರ್ ಹಿಡಿಯಲಿಲ್ಲ, ಹಿಡಿದ ಕಡೆಯೂ ನಂಬುವಂತಿರಲಿಲ್ಲ. ತಿಂದುಹೋದ ಟ್ರ್ಯಾಕನ್ನು ಉಳಿಸುವ ಆಸೆ ಬಿಟ್ಟು ತುದಿಯಿಂದ ತುದಿಗೆ ತಂತಿ ಎಳೆಯುವುದೇ ಸರಿ. ನೋಡಲು ಚೆಂದ ಇರುವುದಿಲ್ಲ, ಇರಲಿ ಬಿಡಿ.

ರೀಸೆಟ್ ದೀಪ ಆರಿತು. ಸ್ಪೀಕರಿನಿಂದ ಮೂರು ಬೀಪ್.

ಹಂತ 4: ಮೂರು ಬೀಪ್, ಆರು ಬೀಪ್

ಎಎಂಐ ಬಯಾಸ್‌ನಲ್ಲಿ ಮೂರು ಬೀಪ್ ಅಂದರೆ ಮೊದಲ 64 ಕೆಬಿ ಮೆಮೊರಿ ಕೆಟ್ಟಿದೆ ಅಂತ. ಇದು ಬೇಗ ಮುಗಿಯಿತು. ಸಿಮ್ ಸ್ಲಾಟಿನ ತವರದ ಕಾಂಟ್ಯಾಕ್ಟ್‌ಗಳು ಮಸುಕಾಗಿದ್ದವು. ದಪ್ಪ ಕಾಗದವನ್ನು ಆಲ್ಕೋಹಾಲಿನಲ್ಲಿ ಅದ್ದಿ ಸ್ಲಾಟಿನಲ್ಲಿ ಆಡಿಸಿದೆ, ಸಿಮ್ ಅಂಚುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಒಂದು ಎಚ್ಚರಿಕೆ: ಯಾವ ಸಿಮ್ ಕೆಟ್ಟಿದೆ ನೋಡೋಣ ಅಂತ ಒಂದೊಂದೇ ಹಾಕಿ ನೋಡಬೇಡಿ. 386ಡಿಎಕ್ಸ್‌ಗೆ 32 ಬಿಟ್ ಬಸ್, ಒಂದು ಸಿಮ್ ಕೊಡುವುದು 8 ಬಿಟ್. ನಾಲ್ಕೂ ಒಟ್ಟಿಗೆ ಇರಲೇಬೇಕು. ಸ್ಲಾಟಿನ ಪ್ಲಾಸ್ಟಿಕ್ ಕಿವಿಗಳನ್ನೂ ಹುಷಾರಾಗಿ ಬಾಗಿಸಿ, ವಯಸ್ಸಾಗಿ ಪಟಕ್ಕನೆ ಮುರಿಯುತ್ತವೆ.

ಮೂರು ಬೀಪ್ ಹೋಯಿತು, ಆರು ಬೀಪ್ ಬಂತು. ಆರು ಅಂದರೆ 8042 ಎಂಬ ಕೀಬೋರ್ಡ್ ಕಂಟ್ರೋಲರ್ ಚಿಪ್, ಗೇಟ್ ಎ20 (1 ಎಂಬಿ ಮೇಲಿನ ಮೆಮೊರಿಗೆ ದಾರಿ ತೆರೆಯುವ ಲೈನ್). ಇಲ್ಲೇ ನಾನು ಜಾಸ್ತಿ ಹೊತ್ತು ಸಿಕ್ಕಿಬಿದ್ದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಬೇರೆ ಬೋರ್ಡಿನಿಂದ 40 ಕಾಲಿನ ಕಂಟ್ರೋಲರ್ ಚಿಪ್ ತಂದು ಹಾಕಿದೆ. ಅದೇ ಆರು ಬೀಪ್. ಅಂದರೆ ಚಿಪ್ ಸರಿ ಇದೆ, ಚಿಪ್ಪಿಗೆ ಬರುವ ದಾರಿ ಸರಿ ಇಲ್ಲ. ಸಾಕೆಟ್ ಮೇಲಿನಿಂದ ಹೊಳೆಯುತ್ತಿತ್ತು, ಆದರೂ ಬಿಚ್ಚಿದೆ. ಕೆಳಗೆ ಕಿಲುಬಿನ ಗೂಡು. ಸೋರಿದ ದ್ರವ ಸಾಕೆಟ್ ಕೆಳಗೆ ನುಸುಳಿ ಅಲ್ಲೇ ನಿಂತು ಒಣಗಿದೆ, ನನ್ನ ವಿನೆಗರ್ ಅಲ್ಲಿಗೆ ತಲುಪಿಯೇ ಇಲ್ಲ. ಮತ್ತೆ ತೊಳೆದೆ, ಹೊಸ ಸಾಕೆಟ್ ಹಾಕಿದೆ, ಆಮೇಲೆ ಒಂದೊಂದು ಕಾಲನ್ನೂ ಮೀಟರಿನಲ್ಲಿ ಹುಡುಕಲು ಕೂತೆ.

8042ರ ಕಾಲುಗಳ ಪಟ್ಟಿ, ಬೇಕಾದವರಿಗೆ: 12ರಿಂದ 19ರವರೆಗೆ ಡೇಟಾ, 4 ರೀಸೆಟ್, 6 ಚಿಪ್ ಸೆಲೆಕ್ಟ್, 8 ರೀಡ್, 10 ರೈಟ್, 9 ಅಡ್ರೆಸ್, 20 ಗ್ರೌಂಡ್, 40 ಐದು ವೋಲ್ಟ್. 21 ಸಿಪಿಯು ರೀಸೆಟ್‌ಗೆ, 22 ಗೇಟ್ ಎ20ಗೆ. 1 ಮತ್ತು 39 ಕೀಬೋರ್ಡಿನಿಂದ ಬರುವ ಕ್ಲಾಕ್ ಮತ್ತು ಡೇಟಾ.

ಡೇಟಾ ಕಾಲುಗಳು ಪಕ್ಕದ 74ಎಲ್‌ಎಸ್245 ಬಫರ್‌ಗೆ ಹೋಗುತ್ತವೆ. ಏಳು ಸರಿ, 15ನೇ ಕಾಲು ತುಂಡಾಗಿತ್ತು. ತಂತಿ ಹಾಕಿದೆ. ಇನ್ನು 9ನೇ ಕಾಲು. ಡೇಟಾಶೀಟಿನಲ್ಲಿ ಅದರ ಹೆಸರು ಎ0. ಹಾಗಾದರೆ ಐಸಾ ಸ್ಲಾಟಿನ ಎ31, ಅಂದರೆ ಅಡ್ರೆಸ್ ಸೊನ್ನೆಗೆ ಸೇರಬೇಕು ಅಂತ ಅಂದುಕೊಂಡೆ. ಮೀಟರ್ ಬೀಪ್ ಆಗಲಿಲ್ಲ. ತುಂಡಾಗಿದೆ ಅಂತ ಅಲ್ಲಿಗೆ ತಂತಿ ಬೆಸೆದೆ. ಆರು ಬೀಪ್ ಹಾಗೇ ಇತ್ತು. ಆಮೇಲೆ ಹೊಳೆಯಿತು: ಕೀಬೋರ್ಡ್ ಕಂಟ್ರೋಲರಿನ ಪೋರ್ಟ್‌ಗಳು ಹೆಕ್ಸ್ 60 ಮತ್ತು 64. ಎರಡಕ್ಕೂ ವ್ಯತ್ಯಾಸ ಎರಡನೇ ಬಿಟ್ಟಿನಲ್ಲಿ, ಸೊನ್ನೆಯಲ್ಲಿ ಅಲ್ಲ. ಹಾಗಾಗಿ ಚಿಪ್ಪಿನ ಎ0 ಕಾಲು ಬಸ್ಸಿನ ಅಡ್ರೆಸ್ ಎರಡಕ್ಕೆ ಸೇರಬೇಕು, ಸ್ಲಾಟಿನಲ್ಲಿ ಅದು ಎ29. ಅಲ್ಲಿಗೆ ಮೀಟರ್ ಹಿಡಿದರೆ ಅದೂ ನಿಜಕ್ಕೂ ತುಂಡೇ ಆಗಿತ್ತು. ತಪ್ಪು ತಂತಿ ಕಿತ್ತು ಸರಿಯಾದ ಜಾಗಕ್ಕೆ ಹಾಕಿದೆ. ತಪ್ಪು ತಂತಿಯಿಂದ ಏನೂ ಸುಡಲಿಲ್ಲ, 9ನೇ ಕಾಲು ಬರೀ ಇನ್‌ಪುಟ್ಟೇ ತಾನೆ. ಬೇರೆ ಕಾಲಾಗಿದ್ದರೆ ಕಥೆ ಬೇರೆಯೇ ಇರುತ್ತಿತ್ತು.

ಆನ್. ಒಂದು ಬೀಪ್ ಕೂಡ ಇಲ್ಲ, ಪರದೆಯ ಎಡ ಮೇಲಿನ ಮೂಲೆಯಲ್ಲಿ ಮೆಮೊರಿ ಎಣಿಕೆ ಓಡತೊಡಗಿತು. 4 ಎಂಬಿ ಎಣಿಸಲು ಅದು ತೆಗೆದುಕೊಳ್ಳುವ ಹೊತ್ತು, ಎಣಿಸುವಾಗ ಸ್ಪೀಕರಿನ ಟಿಕ್ ಟಿಕ್, ಆ ಕಾಲದಲ್ಲಿ ಮಷೀನ್ ಮುಂದೆ ಕೂತವರಿಗೆಲ್ಲಾ ನೆನಪಿರುತ್ತದೆ ಅಲ್ವಾ. ಎಸ್ಕೇಪ್ ಒತ್ತಿ ಎಣಿಕೆ ಹಾರಿಸುತ್ತಿದ್ದೆವು. ಈಗ ಪೂರ್ತಿ ಎಣಿಸಲಿ ಅಂತ ಬಿಟ್ಟೆ. ಬಿಡದೆ ಬೇರೆ ದಾರಿಯೂ ಇರಲಿಲ್ಲ, ಕೀಬೋರ್ಡ್ ಕೆಲಸ ಮಾಡುತ್ತಿರಲಿಲ್ಲ. ಎಣಿಕೆ ಮುಗಿದ ಮೇಲೆ ಬಂದ ಸಂದೇಶ: ಕೀಬೋರ್ಡ್ ಎರರ್, ಮುಂದುವರಿಯಲು ಎಫ್1 ಒತ್ತಿ.

ಹಂತ 5: ಕೀಬೋರ್ಡ್

ಮೊದಲು ಕೀಬೋರ್ಡನ್ನು ತಿರುಗಿಸಿ ಕೆಳಗಿರುವ ಎಕ್ಸ್‌ಟಿ/ಎಟಿ ಸ್ವಿಚ್ (ಯಾವ ಮಾದರಿ ಪಿಸಿಗೆ ಅಂತ ಹೊಂದಿಸುವುದು) ನೋಡಿ. ಇದು ಎಷ್ಟೋ ಜನರ ಸಮಯ ತಿಂದಿದೆ. ನನ್ನದು ಸರಿಯಾಗೇ ಇತ್ತು, ಹಾಗಾಗಿ ಮತ್ತೆ ಬೋರ್ಡಿಗೇ ಬಂದೆ.

ದೊಡ್ಡ ಡಿನ್ ಸಾಕೆಟ್ಟಿನಲ್ಲಿ 1 ಕ್ಲಾಕ್, 2 ಡೇಟಾ, 4 ಗ್ರೌಂಡ್, 5 ಐದು ವೋಲ್ಟ್. ಐದು ವೋಲ್ಟ್ ಬರುತ್ತಿತ್ತು, ಡೇಟಾ ಸರಿ, ಕ್ಲಾಕ್ ಮಾತ್ರ ಕಂಟ್ರೋಲರ್‌ವರೆಗೆ ತಲುಪುತ್ತಿರಲಿಲ್ಲ. ಸಾಕೆಟ್ ಬಿಚ್ಚಿದರೆ ಅದರ ಕೆಳಗೂ ಅದೇ ಕರಿ ಹುಡಿ. ತಂತಿ ಹಾಕಿ ಸಾಕೆಟ್ ಮತ್ತೆ ಕೂರಿಸಿದೆ. ಎಫ್1 ಒತ್ತಿದರೆ ಮುಂದೆ ಹೋಯಿತು.

ಇಷ್ಟಾದ ಮೇಲೆ ನನಗೆ ಖಚಿತವಾದದ್ದು: ಕಿಲುಬು ಕಾಣುವ ಜಾಗದಲ್ಲಿ ಸಿಕ್ಕ ದೋಷ ಒಂದೇ ಒಂದು, ಪವರ್ ಗುಡ್. ಮಿಕ್ಕ ಮೂರೂ ಯಾವುದೋ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಇದ್ದವು. ಮತ್ತೊಂದು ಇಂಥ ಬೋರ್ಡ್ ಕೈಗೆ ಬಂದರೆ ಆ ಮೂಲೆಯಲ್ಲಿರುವ ಸಾಕೆಟ್, ಕನೆಕ್ಟರ್ ಎಲ್ಲವನ್ನೂ ಮೊದಲೇ ಬಿಚ್ಚಿ ತೊಳೆದು, ಎಲ್ಲಾ ಟ್ರ್ಯಾಕ್ ಅಳೆದ ಮೇಲೆಯೇ ಕರೆಂಟ್ ಕೊಡುತ್ತೇನೆ.

ಹಂತ 6: ಹೊಸ ಬ್ಯಾಟರಿ

ಹಳೆಯದು ಚಾರ್ಜ್ ಆಗುವಂಥದ್ದು, ಬೋರ್ಡ್ ಅದಕ್ಕೆ ಕರೆಂಟ್ ಕಳಿಸುತ್ತದೆ. ಆ ಜಾಗಕ್ಕೆ ಸಿಆರ್2032 (ಚಾರ್ಜ್ ಮಾಡಬಾರದ ಬಟನ್ ಸೆಲ್) ನೇರ ಬೆಸೆದರೆ ಅದಕ್ಕೂ ಚಾರ್ಜ್ ಹೋಗಿ ಉಬ್ಬಬಹುದು, ಸಿಡಿಯಬಹುದು. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ಬೇಕೇ ಬೇಕು.

ಸಿಆರ್2032 ಜೊತೆ ಸಾಮಾನ್ಯ ಸಿಲಿಕಾನ್ ಡಯೋಡ್ ಹಾಕಿ ನೋಡಿದೆ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ನೋಡಿದರೆ ಸೆಟ್ಟಿಂಗ್ ಎಲ್ಲಾ ಮಾಯ. ಅಳೆದರೆ ಚಿಪ್‌ಸೆಟ್ಟಿನ (ಬೋರ್ಡನ್ನು ನಡೆಸುವ ಮುಖ್ಯ ಚಿಪ್‌ಗಳು) ಹತ್ತಿರ 2.3 ವೋಲ್ಟ್ ಮಾತ್ರ. ಬೋರ್ಡಿನ ಮೇಲೆ ಆಗಲೇ ಇನ್ನೊಂದು ಡಯೋಡ್ ಇದೆ, ಎರಡೂ ಸೇರಿ ತಿಂದುಬಿಟ್ಟಿವೆ. ಕೊನೆಗೆ ಮೂರು ಎಎ ಆಲ್ಕಲೈನ್ ಸೆಲ್ಲಿನ ಹೋಲ್ಡರ್ ತೆಗೆದುಕೊಂಡು, ಅದೇ ಡಯೋಡ್ ಸೇರಿಸಿ, ಬೋರ್ಡಿನ ನಾಲ್ಕು ಪಿನ್ನಿನ ಹೊರ ಬ್ಯಾಟರಿ ಕನೆಕ್ಟರಿಗೆ ಹಾಕಿದೆ. ಈಗ 3.7 ಬರುತ್ತಿದೆ. ನಡುವೆ 10 ಕಿಲೋಓಮ್ ಇಟ್ಟು ಅಳೆದರೆ ಅದರ ಎರಡು ತುದಿಗಳ ನಡುವೆ 0.06 ವೋಲ್ಟ್, ಅಂದರೆ 6 ಮೈಕ್ರೋಆಂಪಿಯರ್. ಸೆಲ್ ವರ್ಷಗಟ್ಟಲೆ ಬರಬೇಕು. ಹೋಲ್ಡರನ್ನು ಕ್ಯಾಬಿನೆಟ್ಟಿನ ತಳಕ್ಕೆ, ಬೋರ್ಡಿನಿಂದ ದೂರ ಅಂಟಿಸಿದ್ದೇನೆ. ಆಲ್ಕಲೈನ್ ಕೂಡ ಸೋರುತ್ತದೆ. ಸೋರಿದರೆ ತಗಡಿನ ಮೇಲೆ ಸೋರಲಿ.

ಹಂತ 7: ಡಿಸ್ಕ್

ಹಳೆ ಹಾರ್ಡ್ ಡಿಸ್ಕ್ ತಿರುಗುತ್ತದೆ, ಟಕ್ ಟಕ್ ಅನ್ನುತ್ತದೆ, ಓದುವುದಿಲ್ಲ. ಅದನ್ನು ಸದ್ಯಕ್ಕೆ ಬದಿಗಿಟ್ಟು ಐಡಿಇ ಅಡಾಪ್ಟರಿನಲ್ಲಿ 512 ಎಂಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದೆ. ಈ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟುವುದಿಲ್ಲ, ಅಂದರೆ ಸುಮಾರು 528 ಎಂಬಿಗೆ ಮಿತಿ. ನನ್ನ ಕಾರ್ಡ್ 993, 16, 63. ಟೈಪ್ 47ರಲ್ಲಿ ಕೈಯಾರೆ ತುಂಬಿದೆ.

ಎಫ್‌ಡಿಸ್ಕ್ ಮಾಡಿ, ಪಾರ್ಟಿಷನ್ ಆಕ್ಟಿವ್ ಮಾಡಿ, ಫಾರ್ಮ್ಯಾಟ್ ಸಿ: /ಎಸ್ ಕೊಟ್ಟ ಮೇಲೂ ಬೂಟ್ ಆಗದೆ ಮಿನುಗುವ ಕರ್ಸರಿನಲ್ಲಿ ನಿಲ್ಲುತ್ತಿತ್ತು. ಮೊದಲು ಕ್ಯಾಮೆರಾದಲ್ಲಿ ಇದ್ದ ಈ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಕೋಡ್ ಇರಲಿಲ್ಲ. ಎಫ್‌ಡಿಸ್ಕ್ /ಎಂಬಿಆರ್ ಕೊಟ್ಟು ಆ ಕೋಡ್ ಬರೆಸಿದೆ, ಡಾಸ್ 6.22 ಎದ್ದು ಕೂತಿತು.

ಫ್ಲಾಪಿ ಡ್ರೈವ್‌ನ ಹೆಡ್ಡನ್ನು ಆಲ್ಕೋಹಾಲಿನಿಂದ ಒರೆಸಿದೆ, ಸ್ಕ್ರೂ ಕಡ್ಡಿಯ ಗಟ್ಟಿಯಾದ ಗ್ರೀಸ್ ತೆಗೆದು ಹೊಸದು ತೆಳುವಾಗಿ ಹಚ್ಚಿದೆ. ಅಷ್ಟೇ ಕೆಲಸ.

ಕ್ಯಾಬಿನೆಟ್ ಮುಂದಿನ ಹಸಿರು ಅಂಕಿಗಳ ಬಗ್ಗೆ ಒಂದು ಮಾತು. 40 ಅಂತ ಹೆಮ್ಮೆಯಿಂದ ತೋರಿಸುತ್ತದಲ್ಲ, ಅದು ಏನನ್ನೂ ಅಳೆಯುವುದಿಲ್ಲ. ಹಿಂದೆ ಜಂಪರ್‌ಗಳಿವೆ, ಟರ್ಬೊ (ವೇಗ ಬದಲಿಸುವ ಬಟನ್) ಒತ್ತಿದಾಗ ಯಾವ ಅಂಕಿ, ಬಿಟ್ಟಾಗ ಯಾವ ಅಂಕಿ ಅಂತ ಹೊಂದಿಸಿಟ್ಟರೆ ಅದನ್ನೇ ತೋರಿಸುತ್ತದೆ. 99 ಅಂತ ಹಾಕಿದರೂ ತೋರಿಸುತ್ತದೆ. ಅದನ್ನು ನೋಡಿ ನನ್ನ ಮಷೀನ್ ನಿನ್ನದಕ್ಕಿಂತ ಸ್ಪೀಡು ಅಂತ ಎಷ್ಟು ಜಗಳ ಆಡಿದ್ದೇವೋ.

ಈಗ ಎಲ್ಲಿ ನಿಂತಿದೆ

ಬಯಾಸ್‌ನಲ್ಲಿ ಹೊರಗಿನ ಕ್ಯಾಶ್ ಆನ್ ಮಾಡಿದರೆ ಹೈಮೆಮ್ (ಡಾಸ್‌ನ ಮೆಮೊರಿ ಡ್ರೈವರ್) ಮೆಮೊರಿ ಪರೀಕ್ಷಿಸುವ ಹೊತ್ತಿಗೆ ಮಷೀನ್ ಗಟ್ಟಿಯಾಗಿ ನಿಲ್ಲುತ್ತದೆ. ಆಫ್ ಮಾಡಿದರೆ ಗಂಟೆಗಟ್ಟಲೆ ಓಡುತ್ತದೆ, ಆದರೆ ನಿಧಾನ, 386ಗೆ ಒಳಗೆ ಸ್ವಂತ ಕ್ಯಾಶ್ ಇಲ್ಲ ನೋಡಿ. ಕ್ಯಾಶ್‌ನ 32 ಕೆಬಿಯ ನಾಲ್ಕು ಎಸ್‌ರ‍್ಯಾಮ್ ಚಿಪ್ಪನ್ನೂ ಬದಲಿಸಿದೆ, ಫಲ ಇಲ್ಲ. ಟ್ಯಾಗ್ ಚಿಪ್ಪಿನ (ಕ್ಯಾಶ್‌ನಲ್ಲಿ ಯಾವ ಅಡ್ರೆಸ್ಸಿನ ಡೇಟಾ ಇದೆ ಅಂತ ನೆನಪಿಡುವುದು) ಸಾಕೆಟ್ ಬ್ಯಾಟರಿಯಿಂದ ನಾಲ್ಕು ಬೆರಳು ದೂರದಲ್ಲಿದೆ, ಇನ್ನೂ ಬಿಚ್ಚಿಲ್ಲ. ಮುಂದೆ ಐರನ್ ಹಿಡಿಯುವುದು ಅದಕ್ಕೇ. ಇದೇ ಕಾಲದ ಬೋರ್ಡಿನಲ್ಲಿ ಟ್ಯಾಗ್ ಲೈನ್‌ಗಳು ಚಿಪ್‌ಸೆಟ್ಟಿನ ಯಾವ ಕಾಲಿಗೆ ಹೋಗುತ್ತವೆ ಅಂತ ಅಳೆದು ಬರೆದಿಟ್ಟವರು ಯಾರಾದರೂ ಇದ್ದರೆ ತಿಳಿಸಿ, ನನ್ನ ಅರ್ಧ ಕೆಲಸ ಉಳಿಯುತ್ತದೆ.